ಕೈಯೊಳಗಿನ ರಬ್ಬರ್ ಚೆಂಡು



ನಾನು ಕಾಲುವೆ, ಸೇತುವೆ ಕಟ್ಟಿಸಿದವನು, ವೈದ್ಯನಲ್ಲ. ಆದರೆ ಎರಡು ವರ್ಷದ ಹಿಂದೆ ಬೆನ್ನುನೋವಿಗೆಂದು ಎಂಆರ್‌ಐ ಯಂತ್ರದೊಳಗೆ ಮಲಗಿದಾಗ ನನಗೊಂದು ಪಾಠವಾಯಿತು. ಇಕ್ಕಟ್ಟಾದ ಕೊಳವೆ, ಕಿವಿ ಒಡೆಯುವ ಸದ್ದು. ಎದೆ ಡವಗುಟ್ಟಿ, ಅಂಗೈ ಬೆವತು, "ಹೊರಗ ತೆಗೀರಿ" ಎಂದು ಕೂಗಿಬಿಟ್ಟೆ. ತೆಗೆದರು. ಅಲ್ಲಿದ್ದ ಹುಡುಗ ಮೊದಲೇ ಕೊಡಲು ಮರೆತಿದ್ದನೋ ಏನೋ, ಆಗ ಒಂದು ರಬ್ಬರ್ ಚೆಂಡನ್ನು ಕೈಗಿತ್ತು, "ಸರ್, ಇದನ್ನ ಒತ್ತಿದ ಕೂಡಲೇ ನಿಲ್ಲಿಸ್ತೀನಿ" ಎಂದ. ಮತ್ತೆ ಒಳಗೆ ಹೋದೆ. ಅದೇ ಕೊಳವೆ, ಅದೇ ಸದ್ದು. ಅರ್ಧ ತಾಸು ಮಲಗಿದೆ. ಚೆಂಡನ್ನು ಒಮ್ಮೆಯೂ ಒತ್ತಲಿಲ್ಲ.

ಇದೇಕೆ ಹೀಗೆ ಎಂದು ಓದುತ್ತ ಹೋದಾಗ ಅಮೆರಿಕದ ಜೇ ವೈಸ್ ಎಂಬ ವಿಜ್ಞಾನಿ 1970ರ ಸುಮಾರಿಗೆ ಮಾಡಿದ ಪ್ರಯೋಗ ಸಿಕ್ಕಿತು. ಎರಡು ಇಲಿಗಳ ಬಾಲಕ್ಕೆ ಒಂದೇ ಸರಣಿಯಲ್ಲಿ ತಂತಿ ಜೋಡಿಸಿದ್ದರು. ಸರಣಿ ಎಂದ ಮೇಲೆ ಎರಡರಲ್ಲೂ ಹರಿಯುವ ಕರೆಂಟು ಒಂದೇ. ಒಂದು ಇಲಿ ತನ್ನ ಮುಂದಿನ ಚಕ್ರ ತಿರುಗಿಸಿದರೆ ಇಬ್ಬರಿಗೂ ಶಾಕ್ ನಿಲ್ಲುತ್ತಿತ್ತು. ಇನ್ನೊಂದು ಎಷ್ಟು ತಿರುಗಿಸಿದರೂ ವ್ಯರ್ಥ. ಪೆಟ್ಟು ಸಮಸಮ, ಆದರೆ ಕೈಲಾಗದ ಇಲಿಯ ಹೊಟ್ಟೆಯಲ್ಲಿ ಹುಣ್ಣು ಬಹಳ ಹೆಚ್ಚು. ಮೂಕ ಜೀವಿಗಳಿಗೆ ಇಂಥ ಹಿಂಸೆ ಕೊಟ್ಟದ್ದು ನನ್ನ ಮನಸ್ಸಿಗೆ ಒಗ್ಗುವುದಿಲ್ಲ. ಆದರೂ ಅದು ತೋರಿಸಿದ್ದನ್ನು ತಳ್ಳಿಹಾಕಲಾರೆ. ಅಪಾಯ ಕಂಡಾಗ ಮೈಯಲ್ಲಿ ಅಡ್ರಿನಲಿನ್, ಕಾರ್ಟಿಸಾಲ್ ನುಗ್ಗುತ್ತವೆ, ನಾಡಿ ಏರುತ್ತದೆ. ಬೇಕೆಂದಾಗ ನಿಲ್ಲಿಸಬಲ್ಲೆ ಎಂಬ ಭರವಸೆ ಆ ತೂಬನ್ನು ಕೊಂಚ ಇಳಿಸಬಲ್ಲದು. ಹಾಗೆಂದು ಯಾರೂ ಗುಳಿಗೆ ಬಿಡಬೇಡಿ. ಭರವಸೆಯಿಂದ ರೋಗ ವಾಸಿಯಾಗುತ್ತದೆಂದು ನಾನು ಹೇಳುತ್ತಿಲ್ಲ.

ಈಗ ನಮ್ಮ ಮನೆಯ ಮಾತು. ಎಂಬತ್ತೆಂಟರ ಅವ್ವ ಕಾಲಿನ ಹುಣ್ಣಿನಿಂದ ಹಾಸಿಗೆ ಹಿಡಿದಿದ್ದಳು. ಸ್ನಾನ ಯಾವಾಗ, ಊಟ ಏನು, ಕಿಟಕಿ ತೆರೆಯಬೇಕೋ ಬೇಡವೋ, ಎಲ್ಲ ನಾವೇ ತೀರ್ಮಾನಿಸುತ್ತಿದ್ದೆವು. ಸೇವೆ ಎಂದೇ ತಿಳಿದಿದ್ದೆವು. ನರ್ಸ್ ಬಂದು ಪಟ್ಟಿ ಬಿಚ್ಚುವಾಗ ಅವ್ವ ಚೀರುವಳು. ನಾನೂ ತಮ್ಮನೂ ಕಾಲನ್ನು ಅದುಮಿ ಹಿಡಿಯುತ್ತಿದ್ದೆವು. ಮಗನಾಗಿ ಇದನ್ನು ಹೇಳಲು ನಾಚಿಕೆಯಾಗುತ್ತದೆ.

ಒಂದು ದಿನ ನರ್ಸಿಗೆ ಹೇಳಿ, ಕಾಲು ಬಿಟ್ಟು, "ಅವ್ವಾ, ನೀ ತಡಿ ಅಂದ್ರ ನಿಲ್ಲಸ್ತಾರ, ನೀ ಹೂಂ ಅಂದ ಮ್ಯಾಲನ ಮುಂದ" ಎಂದೆ. ಮೊದಲ ದಿನ ಅವ್ವ ಆರು ಸಲ "ತಡಿ" ಎಂದಳು. ಆರು ಸಲವೂ ನಿಲ್ಲಿಸಿದರು. ನಾಲ್ಕನೆಯ ದಿನ ಒಂದೇ ಸಲ ಎಂದಳು, ಅದೂ ತಂಬಿಗೆಯ ನೀರು ಕುಡಿಯಲಿಕ್ಕೆ.