ತೋಟ ಮತ್ತು ಮಾಳಿಗೆ: ಹೋಳಿ ಹುಣ್ಣಿಮೆಯೊಳಗಿನ ಕೆಲಸ

(ಸಂಘದ ರಜತ ಮಹೋತ್ಸವದ ರೈತ ಗೋಷ್ಠಿಯಲ್ಲಿ ಮಾಡಿದ ಭಾಷಣ)



1905ರಲ್ಲಿ ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಹಚ್ಚಿದ ಸಹಕಾರದ ದೀಪ ನಮ್ಮೂರಿಗೂ ಬೆಳಕು ಕೊಟ್ಟಿದೆ. 25 ವರ್ಷದ ವರದಿಯನ್ನು ಕಾರ್ಯದರ್ಶಿಗಳು ಓದಿದ್ದಾರೆ. ನಾವು ಒಕ್ಕಲುತನದ ಎರಡು ಮಾತು ಆಡುತ್ತೇವೆ.

ಸಿದ್ಧೇಶ್ವರ ಜಾತ್ರೆ ಮುಗಿದು, ಅವರಾತ್ರಿ ಅಮಾಸಿ ದಾಟಿತೆಂದರೆ ಚಳಿ ಇಳಿಯುತ್ತದೆ. ತೊಗರಿ ಮನೆ ಸೇರಿರುತ್ತದೆ, ಬಿಳಿಜೋಳ ಇನ್ನೂ ಹೊಲದಲ್ಲಿರುತ್ತದೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯ ರೈತನಿಗೆ ಸಿಗುವ ಬಿಡುವು ಇಷ್ಟೇ. ಗಿಡ ಒಣಗುವುದು ಮೇ ತಿಂಗಳಲ್ಲಿ, ಮಾಳಿಗೆ ಸೋರುವುದು ಜೂನ್‌ದಾಗ. ಆದರೆ ಎರಡಕ್ಕೂ ಕೈ ಹಚ್ಚುವ ಕಾಲ ಇದೇ ನೋಡ್ರಿ.

ಮೊದಲು ಲಿಂಬಿ ತೋಟ. ಇಂಡಿ ಲಿಂಬಿಗೆ ಜಿಐ ಮನ್ನಣೆ ಸಿಕ್ಕಿದೆ, ಹೊರದೇಶಕ್ಕೂ ಕಾಯಿ ಹೋಗಿದೆ. ಆದರೆ ಕಜ್ಜಿ ಹತ್ತಿದ ಕಾಯಿಯನ್ನು ಯಾರೂ ಒಳ್ಳೆ ದರಕ್ಕೆ ಕೇಳುವುದಿಲ್ಲ. ಈಗ ಒಣಗಿದ ಟೊಂಗೆ, ಕಜ್ಜಿ ಇದ್ದ ಕಡ್ಡಿ ಕತ್ತರಿಸಿ ಸುಡಬೇಕು. ಬೇಸಿಗೆ ಕಾಯಿ ಗಿಡದ ಮೇಲೆ ಇರುವುದರಿಂದ ಹಸಿ ಟೊಂಗೆ ಬಹಳ ಕಡಿಯಬಾರದು. ಆಮೇಲೆ ಬೋರ್ಡೋ ದ್ರಾವಣ: 1 ಕಿಲೋ ಮೈಲುತುತ್ತ, 1 ಕಿಲೋ ಸುಟ್ಟ ಸುಣ್ಣ, 100 ಲೀಟರ್ ನೀರು. ಕಬ್ಬಿಣದ ಪಾತ್ರೆ ಬೇಡ, ಪ್ಲಾಸ್ಟಿಕ್ ಡ್ರಮ್ ಇರಲಿ. ಎರಡನ್ನೂ ಬೇರೆ ಬೇರೆ ಕರಗಿಸಿ ಕೂಡಿಸಿ, ಹೊಳೆಯುವ ಕುಡಗೋಲು ಅದ್ದಿ ನೋಡ್ರಿ. ತಾಮ್ರದ ಕೆಂಪು ಹತ್ತಿದರೆ ಸುಣ್ಣ ಸಾಲದು ಎಂದರ್ಥ, ಇನ್ನಷ್ಟು ಹಾಕಬೇಕು. ಮಾಡಿದ ದಿನವೇ ಹೊಡೆದು ಮುಗಿಸಬೇಕು. ಅದೇ ಅಳತೆಯ ತುತ್ತ, ಸುಣ್ಣವನ್ನು 10 ಲೀಟರ್ ನೀರಿನಲ್ಲಿ ಕಲಸಿದರೆ ಬೊಡ್ಡೆಗೆ ಬಳಿಯುವ ಮುಲಾಮು ಆಗುತ್ತದೆ.

ಪಾತಿಯ ನೀರು ಬೊಡ್ಡೆಗೆ ತಾಗಬಾರದು. ತಾಗಿದರೆ ತೊಗಟೆ ಕೊಳೆತು ಅಂಟು ಸುರಿಯುತ್ತದೆ. ಅದಕ್ಕೆ ಬುಡಕ್ಕೆ ಮಣ್ಣು ಏರಿಸಿ, ಸುತ್ತ ಉಂಗುರದಂತೆ ಪಾತಿ ಮಾಡಿ ಕಬ್ಬಿನ ರವದಿ ಹೊದಿಸಬೇಕು. ಗೆದ್ದಲು ಏರದಂತೆ ರವದಿಯನ್ನು ಬೊಡ್ಡೆಯಿಂದ ದೂರ ಇಡಬೇಕು. 2023ರಂಥ ಬರದಲ್ಲಿ ಒಂದೊಂದು ಕೊಡ ನೀರಿಗೂ ಬೆಲೆ ಇದೆ ಎಂಬುದನ್ನು ಯಾರಿಗೂ ಹೇಳಿಕೊಡಬೇಕಾಗಿಲ್ಲ.

ಇನ್ನು ಮಾಳಿಗೆ. ಸ್ಲ್ಯಾಬ್ ಮನೆ ಎಷ್ಟೇ ಎದ್ದರೂ ಮೇಲ್ಮುದ್ದೆಯ ಮನೆಗಳು ಊರಾಗ ಇನ್ನೂ ಇವೆ. ಸೋರಿತೆಂದು ವರ್ಷಾ ಮಣ್ಣು ಏರಿಸುತ್ತ ಹೋಗುವುದು ನಮ್ಮಲ್ಲಿ ರೂಢಿ. ಭಾರ ಹೆಚ್ಚಿ, ಹುಳು ತಿಂದ ಜಂತಿ ಮುರಿದು, ಮಲಗಿದವರ ಮೇಲೆ ಮಾಳಿಗೆ ಬಿದ್ದ ಸುದ್ದಿ ಮಳೆಗಾಲದಲ್ಲಿ ಕೇಳುತ್ತಲೇ ಇರುತ್ತೇವೆ. ಆದ್ದರಿಂದ ಮೊದಲು ಒಳಗಿನಿಂದ ತೊಲೆ, ಜಂತಿ ಬಡಿದು ನೋಡಬೇಕು. ಟೊಳ್ಳು ಸಪ್ಪಳ ಬಂದರೆ ಬದಲಿಸಬೇಕು. ಮೇಲಿನ ಹುಲ್ಲನ್ನು ಬೇರುಸಹಿತ ಕಿತ್ತು, ಇಲಿ ಬಿಲ ಮುಚ್ಚಿ, ಹಳೆ ಮಣ್ಣು ಕೆರೆದು ಇಳಿಸಿದ ಮೇಲೆಯೇ ಹೊಸ ಸವಳು ಮಣ್ಣು ಹಾಕಬೇಕು. ನೀರು ನಿಲ್ಲದೆ ಹರನಾಳಿಗೆಯ ಕಡೆಗೆ ಹರಿಯುವಂತೆ ಇಳಿಜಾರು ಕೊಡಬೇಕು.

ಇದಕ್ಕೆಲ್ಲ ರೊಕ್ಕಕ್ಕಿಂತ ಕೈ ಹೆಚ್ಚು ಬೇಕು. ಬೆಳೆಸಾಲ ಎತ್ತಿ ಮನೆಗೆ ಹಾಕಿದರೆ, ಬೀಜ ಗೊಬ್ಬರಕ್ಕೆ ಮತ್ತೆ ಕೈಗಡ. ವಾಯಿದೆಯೊಳಗೆ ಕಟ್ಟಿದವನಿಗೇ ಬಡ್ಡಿ ಇಲ್ಲದ ಸಾಲದ ಲಾಭ, ತಪ್ಪಿದರೆ ಆ ಲಾಭವೂ ಹೋಯಿತು. ಅದಕ್ಕೆ ನಮ್ಮದೊಂದು ವಿನಂತಿ. ಐದೈದು ಮನೆಯವರು ಕೂಡಿ ಮುಯ್ಯಾಳು ಕಟ್ಟಿಕೊಳ್ಳೋಣ. ಇವತ್ತು ನಿಮ್ಮ ಮಾಳಿಗೆ, ನಾಳೆ ಅವರ ತೋಟ. ಗಂಡಾಳಿಲ್ಲದ ತಾಯಂದಿರ ಮನೆಯಿಂದಲೇ ಮೊದಲು ಸುರು ಮಾಡೋಣ. ಮೈಲುತುತ್ತ, ಸುಣ್ಣವನ್ನು ಸಂಘದಿಂದ ಒಟ್ಟಿಗೆ ತರಿಸುವ ವಿಷಯವನ್ನು ಮುಂದಿನ ಆಡಳಿತ ಮಂಡಳಿ ಸಭೆಯಲ್ಲಿ ಇಡುತ್ತೇವೆ. ಬೇಕಾದವರು ಹೆಸರು ಬರೆಸಿರಿ.

ಷೇರು ಕಟ್ಟಿದರೆ ಸಂಘವಾಗುತ್ತದೆ, ಕೈ ಕೂಡಿಸಿದರೆ ಸಹಕಾರವಾಗುತ್ತದೆ. 

ಜೈ ಸಹಕಾರ, ಜೈ ಕರ್ನಾಟಕ.