ಸ್ವಾಮಿ ಹೀರೋ ಹೌದೇ?

ಆರ್. ಕೆ. ನಾರಾಯಣ್ ಅವರ ‘ಎ ಹೀರೋ’ ಕತೆಯನ್ನು ನಮ್ಮ ರಾಜ್ಯದ ಎಸ್ಸೆಸ್ಸೆಲ್ಸಿ ಮಕ್ಕಳು ಇಂಗ್ಲಿಷ್ ದ್ವಿತೀಯ ಭಾಷೆಯ ಪುಸ್ತಕದಲ್ಲಿ ಓದಿದ್ದಾರೆ. ಬಲಕ್ಕಿಂತ ಧೈರ್ಯ ದೊಡ್ಡದೆಂದು ವಾದಿಸುವ ಅಪ್ಪ, ಮಗ ಸ್ವಾಮಿಯನ್ನು ರಾತ್ರಿ ಆಫೀಸು ಕೋಣೆಯಲ್ಲಿ ಒಬ್ಬನೇ ಮಲಗಿಸುತ್ತಾರೆ. ಬೆಂಚಿನಡಿ ಮುದುಡಿಕೊಂಡ ಹುಡುಗ, ಕತ್ತಲಲ್ಲಿ ಬಂದದ್ದು ದೆವ್ವವೆಂದು ಹೆದರಿ ಅದರ ಕಾಲು ಕಚ್ಚುತ್ತಾನೆ. ನೋಡಿದರೆ, ಪೊಲೀಸರು ಹುಡುಕುತ್ತಿದ್ದ ಕಳ್ಳ! ಬೆಳಗಾಗುವಷ್ಟರಲ್ಲಿ ಸ್ವಾಮಿ ಹೀರೋ.

ನಿಜಕ್ಕೂ ಹೀರೋನೇ? ತರಗತಿಯಲ್ಲಿ ಕೇಳಿ ನೋಡಿ, ಗದ್ದಲವೇ ಏಳುತ್ತದೆ. ಪರೀಕ್ಷೆಯಲ್ಲಿ ಕೇಳಿದರೋ, ಉತ್ತರ ಪತ್ರಿಕೆಗಳಲ್ಲೆಲ್ಲ ಗೈಡಿನ ಅದೇ ನಾಲ್ಕು ವಾಕ್ಯ. ಮಕ್ಕಳನ್ನು ದೂರಿ ಫಲವಿಲ್ಲ. ಓದಿದ ಪಾಠದ ಮೇಲೆಯೇ ಪ್ರಶ್ನೆ, ಕೀ ಉತ್ತರಕ್ಕೆ ಹೊಂದಿದರೆ ಅಂಕ ಎಂದಾದಾಗ ನೋಟ್ಸ್ ಉರುಹೊಡೆಯುವುದೇ ಜಾಣತನ. ಪದ್ಯ ಬಾಯಿಪಾಠ ಮಾಡಿಸುವುದಕ್ಕೆ ನನ್ನ ತಕರಾರಿಲ್ಲ. ಇಂಗ್ಲಿಷಿನ ಲಯ ನಾಲಗೆಗೆ ಹತ್ತುವುದೇ ಹಾಗೆ. ಸಾರಾಂಶವನ್ನೂ ಬಾಯಿಪಾಠ ಮಾಡಿಸುತ್ತೇವಲ್ಲ, ಕೆಡುವುದು ಅಲ್ಲಿ.

ಕೇಂಬ್ರಿಡ್ಜಿನಲ್ಲಿ ಐ. ಎ. ರಿಚರ್ಡ್ಸ್ ಎಂಬ ಅಧ್ಯಾಪಕರು ಕವಿಯ ಹೆಸರು ಅಳಿಸಿದ ಪದ್ಯಗಳನ್ನು ವಿದ್ಯಾರ್ಥಿಗಳಿಗೆ ಹಂಚಿ, ಅನಿಸಿದ್ದನ್ನು ಬರೆಯಿರಿ ಎಂದರು. 13 ಪದ್ಯಗಳಿಗೆ ಬಂದ ಬರಹಗಳನ್ನು ಪರಿಶೀಲಿಸಿ 1929ರಲ್ಲಿ ‘ಪ್ರಾಕ್ಟಿಕಲ್ ಕ್ರಿಟಿಸಿಸಂ’ ಪ್ರಕಟಿಸಿದರು. ಡನ್, ಹಾಪ್ಕಿನ್ಸ್‌ರಂಥ ಕವಿಗಳನ್ನೇ ಹಲವರು ತಳ್ಳಿಹಾಕಿದ್ದರು. ಎಷ್ಟೋ ಮಂದಿಗೆ ಸಾಲಿನ ನೇರ ಅರ್ಥವೇ ದಕ್ಕಿರಲಿಲ್ಲ. ಎಲ್ಲಿ ಎಡವುತ್ತಾರೆಂದು ಮೇಷ್ಟರಿಗೆ ತಿಳಿದದ್ದು ನೋಟ್ಸ್ ಇಲ್ಲದೆ ಓದಿಸಿದ್ದರಿಂದ.

ಅಂಕ ಕೊಡುವವರು ತೀರ್ಪನ್ನಲ್ಲ, ಕಾರಣವನ್ನು ನೋಡಬೇಕು. ‘ಸ್ವಾಮಿ ಧೈರ್ಯಶಾಲಿ, ನಾವೆಲ್ಲರೂ ಅವನಂತಾಗಬೇಕು’ ಎಂದು ಒಂದು ಪುಟ ಬರೆದವನಿಗೆಷ್ಟು? ‘ಹೆದರಿ ಕಚ್ಚಿದ; ಮರುರಾತ್ರಿ ಅಪ್ಪ ತನ್ನ ಗೊಡವೆ ಬಿಟ್ಟರೆಂದು ಹೊದಿಕೆಯೊಳಗೇ ನಿಟ್ಟುಸಿರಿಟ್ಟ, ಇವನೆಂಥ ಹೀರೋ’ ಎಂದು ಎರಡೇ ಸಾಲು ಬರೆದವಳಿಗೆಷ್ಟು? ಅವಳು ಕತೆಯ ಕೊನೆಯವರೆಗೂ ಕಣ್ಣಿಟ್ಟು ಓದಿದ್ದಾಳೆ. ‘ಹೆದರಿಕೆಯಲ್ಲೂ ಕಾಲು ಬಿಡಲಿಲ್ಲವಲ್ಲ, ಅದೇ ಧೈರ್ಯ’ ಎಂದು ವಾದಿಸಿದವನಿಗೂ ಅಷ್ಟೇ ಅಂಕ ಸಲ್ಲಬೇಕು. ವ್ಯಾಕರಣದ ತಪ್ಪಿದ್ದರೆ ಅದಕ್ಕೆ ಬೇರೆ ಲೆಕ್ಕವಿರಲಿ. ಹಳ್ಳಿ ಶಾಲೆಯ ಮಗು ಮೊದಲು ಕನ್ನಡದಲ್ಲೇ ಜಗಳವಾಡಿ, ಆಮೇಲೆ ಇಂಗ್ಲಿಷಿನಲ್ಲಿ ಎರಡು ಸಾಲು ಬರೆಯಲಿ, ಏನೂ ನಷ್ಟವಿಲ್ಲ.

80 ಅಂಕದ ಲಿಖಿತ ಪರೀಕ್ಷೆ ಬದಲಾಗುವಾಗ ಬದಲಾಗಲಿ. ಉಳಿದ 20 ಆಂತರಿಕ ಅಂಕ ಶಾಲೆಯ ಕೈಯಲ್ಲೇ ಇದೆ. ಪಾಠ ಮಾಡಿರದ ಪುಟ್ಟ ಪದ್ಯವೊಂದನ್ನು ಬೋರ್ಡಿನ ಮೇಲೆ ಬರೆದು, ಮೇಷ್ಟರು ಹತ್ತು ನಿಮಿಷ ಸುಮ್ಮನೆ ಕೂತರೂ ಆದೀತು.