ಹೊಳೆದಂಡೆಯ ಊರಿಗೊಂದು ಬ್ಲಾಗು



ಉಜನಿ ಆಣೆಕಟ್ಟಿನಿಂದ ಭೀಮಾ ಹೊಳೆಗೆ ನೀರು ಬಿಟ್ಟರೆಂಬ ಸುದ್ದಿಯನ್ನು ನೀವು ಎಲ್ಲಿ ಓದುತ್ತೀರಿ? ಸೊಲ್ಲಾಪುರದ ಮರಾಠಿ ಪತ್ರಿಕೆಯಲ್ಲಿ. ಅಲ್ಲಿ ಅದು ಶಹರದ ಕುಡಿಯುವ ನೀರಿನ ಸುದ್ದಿ. ಔಜ್ ಬಾಂದಾರ ತುಂಬಿತೇ, ಟಾಕಳಿಯ ಪಂಪಿಗೆ ನೀರು ಮುಟ್ಟಿತೇ, ಅಷ್ಟು. ವಿಜಯಪುರದ ಕಡೆಯಿಂದ ಬರುವ ಕನ್ನಡ ಪತ್ರಿಕೆ ಆಚೆ ದಂಡೆಯ ಇಂಡಿ, ಚಡಚಣದ ಮಾತಾಡುತ್ತದೆ. ಶಹರಕ್ಕೆ ನೀರು ಹೋಗುವಾಗ ದಂಡೆಯ ಮೋಟಾರುಗಳಿಗೆ ಕರೆಂಟು ತೆಗೆಯುವುದುಂಟು. ಕಣ್ಣೆದುರು ನೀರು ಹರಿಯುತ್ತಿದ್ದರೂ ಕಬ್ಬಿಗೆ ಹಾಯಿಸಲಾಗದೆ ಕೂತ, ಈ ದಂಡೆಯ ಭಂಡಾರಕವಠೆಯ ರೈತನ ಸುದ್ದಿ, ಅದೂ ಅವನ ಮನೆಮಾತಿನಲ್ಲಿ, ಯಾವ ಪುಟದಲ್ಲೂ ಸಿಗುವುದಿಲ್ಲ. ಪತ್ರಿಕೆಯವರನ್ನು ಬೈದು ಪ್ರಯೋಜನವಿಲ್ಲ. ಅವರಿಗೆ ಓದುಗರು ಎಲ್ಲಿ ಹೆಚ್ಚೋ ಅಲ್ಲಿ ಪುಟ ಹೆಚ್ಚು. ಗಡಿಯ ಕನ್ನಡಿಗ ಎರಡೂ ಕಡೆ ಕಡಿಮೆ ಬೀಳುತ್ತಾನೆ.

ಆದ್ದರಿಂದ ಬ್ಲಾಗಿನ ಬಗ್ಗೆ ಬೆಂಗಳೂರಿನಲ್ಲಿ ಆಡುವ ಮಾತನ್ನು ನಾನು ಇಲ್ಲಿ ಆಡುವುದಿಲ್ಲ. ಅಲ್ಲಿ ಬ್ಲಾಗು ಕವಿತೆಗೆ, ಲಹರಿಗೆ, ಸಾಹಿತ್ಯದ ಜಗಳಕ್ಕೆ. ಇಲ್ಲಿ ಅದರ ಮೊದಲ ಕೆಲಸ ಊರಿನ ದಾಖಲೆ ಎಂಬುದು ನನ್ನ ವಾದ.

ಬ್ಲಾಗೆಂದರೆ ಏನೆಂದು ಹಿರಿಯರು ಕೇಳುತ್ತಾರೆ. ಇಂಟರ್‌ನೆಟ್ಟಿನಲ್ಲಿ ನಿಮ್ಮದೇ ಒಂದು ಪುಟ. ಹೊಸದಾಗಿ ಬರೆದದ್ದು ಮೇಲೆ, ಹಳೆಯದು ಕೆಳಗೆ. ಪ್ರತಿ ಬರಹಕ್ಕೂ ಒಂದು ತಾರೀಖು, ಒಂದು ಸ್ವಂತ ವಿಳಾಸ. ಬ್ಲಾಗರ್ ಎಂಬ ಸೇವೆ 1999ರಲ್ಲಿ ಶುರುವಾಯಿತು, 2003ರಲ್ಲಿ ಗೂಗಲ್ ಅದನ್ನು ಕೊಂಡಿತು. ಇವತ್ತಿಗೂ ದುಡ್ಡು ಕೇಳುವುದಿಲ್ಲ.

ಕನ್ನಡ ಅಲ್ಲಿಗೆ ಸುಲಭವಾಗಿ ಹೋಗಲಿಲ್ಲ. ಯು.ಬಿ. ಪವನಜರು 1996ರಲ್ಲೇ ವಿಶ್ವಕನ್ನಡ ಎಂಬ ಅಂತರಜಾಲ ಪತ್ರಿಕೆ ತೆಗೆದರು. 1998ರಲ್ಲಿ ಶೇಷಾದ್ರಿವಾಸು ಅವರ ಬರಹ ತಂತ್ರಾಂಶ ಬಂತು. ಆದರೆ ಬರೆದವರ ಬಳಿ ಇದ್ದ ಫಾಂಟು ಓದುವವರ ಬಳಿ ಇಲ್ಲದಿದ್ದರೆ ತೆರೆಯ ಮೇಲೆ ಕಾಣುತ್ತಿದ್ದದ್ದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ಎಲ್ಲ ಕಂಪ್ಯೂಟರಿಗೂ ಒಂದೇ ಅಕ್ಷರಸಂಕೇತವಾದ ಯುನಿಕೋಡ್ ಬಳಕೆಗೆ ಬಂದ ಮೇಲೆ, ವಿಂಡೋಸ್ ಎಕ್ಸ್‌ಪಿಯಂಥ ವ್ಯವಸ್ಥೆಯಲ್ಲಿ ಕನ್ನಡ ತಾನಾಗಿ ಮೂಡತೊಡಗಿದ ಮೇಲೆ ಆ ಕಾಟ ತಪ್ಪಿತು. 2005ರಲ್ಲಿ ಹರಿಪ್ರಸಾದ ನಾಡಿಗರ ಸಂಪದ ಎಂಬ ಜಾಲತಾಣ ಬಂತು. 2007ರಲ್ಲಿ ಜಿ.ಎನ್. ಮೋಹನ್ ಅವರ ಅವಧಿ, ಅಬ್ದುಲ್ ರಶೀದರ ಕೆಂಡಸಂಪಿಗೆ. ಫಾಂಟಿನ ಆ ಕಾಟ ಪೂರ್ತಿ ಹೋಗಿದೆಯೆಂದೂ ಅಲ್ಲ. ಜಾತ್ರೆಯ ಹ್ಯಾಂಡ್‌ಬಿಲ್ಲನ್ನು ಡಿಟಿಪಿ ಅಂಗಡಿಯಲ್ಲಿ ನುಡಿ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಮಾಡಿಸಿ, ಅದನ್ನೇ ಎತ್ತಿ ಬ್ಲಾಗಿಗೆ ಅಂಟಿಸಿ ನೋಡಿ, ಮತ್ತೆ ಅದೇ ರಾಶಿ! ಮೊದಲು ಯುನಿಕೋಡಿಗೆ ಪರಿವರ್ತಿಸಿಕೊಳ್ಳಬೇಕು.

ನನಗೆ ಮೆಚ್ಚಿನ ಉದಾಹರಣೆ ಮಂಗಳೂರಿನದು. ಅತ್ರಿ ಬುಕ್ ಸೆಂಟರ್ ಎಂಬ ಪುಸ್ತಕದಂಗಡಿಯನ್ನು 1975ರಿಂದ ನಡೆಸಿದ ಜಿ.ಎನ್. ಅಶೋಕವರ್ಧನರು 2012ರಲ್ಲಿ ಬಾಗಿಲು ಹಾಕಿದರು. ಬರೆಯುವುದನ್ನು ನಿಲ್ಲಿಸಲಿಲ್ಲ. ಗುಡ್ಡ ಹತ್ತಿದ್ದು, ಯಕ್ಷಗಾನ ನೋಡಿದ್ದು, ಪುಸ್ತಕ ವ್ಯಾಪಾರದ ಒಳಸುಳಿ, ಎಲ್ಲವನ್ನೂ ತಮ್ಮ ಜಾಲತಾಣದಲ್ಲಿ ವಿವರವಾಗಿ ಬರೆದರು. ತಂದೆ ಜಿ.ಟಿ. ನಾರಾಯಣ ರಾಯರ ಬರಹಗಳನ್ನೂ ಅಲ್ಲಿಗೆ ತಂದರು. ಯಾವ ಪತ್ರಿಕೆ ಅಷ್ಟು ಉದ್ದದ ಲೇಖನಕ್ಕೆ ಜಾಗ ಕೊಟ್ಟೀತು?

ವಾಟ್ಸಾಪ್ ಇದೆಯಲ್ಲ ಎನ್ನುತ್ತೀರಿ. ಇದೆ. 2020ರ ಅಕ್ಟೋಬರಿನಲ್ಲಿ ಭೀಮೆಗೆ ಮಹಾಪೂರ ಬಂದಾಗ ಹೊಳೆದಂಡೆಯ ಹಳ್ಳಿಹಳ್ಳಿಯಲ್ಲಿ ಮಂದಿ ಫೋನಿನಲ್ಲಿ ಫೋಟೋ ಹೊಡೆದರು, ಗ್ರೂಪಿಗೆ ಹಾಕಿದರು. ನೀರು ಯಾವ ಮನೆಯ ಎಷ್ಟನೇ ಮೆಟ್ಟಿಲು ಮುಟ್ಟಿತ್ತೆಂದು ಈಗ ಹುಡುಕಿ ತೋರಿಸಿ ನೋಡೋಣ. ಗುಡ್ ಮಾರ್ನಿಂಗ್ ಗುಲಾಬಿಗಳ ಕೆಳಗೆ ಅದು ಎಂದೋ ಹೂತುಹೋಗಿದೆ. ಗ್ರೂಪಿನಲ್ಲಿ ಇಲ್ಲದವನಿಗಂತೂ ಅದು ಇದ್ದೂ ಇಲ್ಲ. ಬ್ಲಾಗಿನದು ಹಾಗಲ್ಲ. ಪುಣೆಗೆ ದುಡಿಯಲು ಹೋದ ನಿಮ್ಮೂರ ಹುಡುಗ ಐದು ವರ್ಷ ಬಿಟ್ಟು ಊರ ಹೆಸರು ಹಾಕಿ ಹುಡುಕಿದರೂ ಸಿಗಬಹುದು.

ಹೆಸರು ಹಾಕಿದ್ದರೆ ಮಾತ್ರ. "ನಮ್ಮೂರ ಹೊಳೆ" ಎಂದು ತಲೆಬರಹ ಕೊಟ್ಟರೆ ಯಾವೂರ ಹೊಳೆ? "ಭಂಡಾರಕವಠೆ, ದಕ್ಷಿಣ ಸೊಲ್ಲಾಪುರ ತಾಲೂಕು" ಎಂದು ಸ್ಪಷ್ಟವಾಗಿ ಬರೆಯಿರಿ. ಕೆಲವರು ಠ ಬಿಟ್ಟು ಟ ಹಾಕುತ್ತಾರೆ, ಆ ರೂಪವನ್ನೂ ಒಂದು ಸಲ ಸೇರಿಸಿ. ಮರಾಠಿಯಲ್ಲೂ ಒಂದು ಸಲ.

ಇನ್ನು ಭಾಷೆ. ಪುಸ್ತಕದ ಕನ್ನಡ ನಮಗೆ ಬರುವುದಿಲ್ಲ ಎಂಬ ಅಳುಕು ಈ ಭಾಗದಲ್ಲಿ ಬಹಳ ಇದೆ. ಅಳುಕು ಬೇಡ. ಹೀಗೆ ಬರೆದರೆ ಏನು ಕಡಿಮೆ?

"ಇವತ್ತ ಮುಂಜಾನೆ ಹೊಳಿಗೆ ನೀರ ಬಂತು. ಮೊದಲ ಕಸಾ-ಕಡ್ಡಿ ತೇಲಿ ಬಂದ್ವು, ಆಮ್ಯಾಲ ನೀರ ತಿಳಿ ಆತು. ದಂಡಿ ಮೋಟಾರಿಗೆ ಎರಡ ತಾಸ ಅಷ್ಟ ಕರೆಂಟ ಕೊಟ್ಟಾರ. ಎಳೀ ಕಬ್ಬ ಬಾಡಾಕ ಹತ್ತೈತಿ."

ನಾಲ್ಕು ಸಾಲು. ಮೇಲೆ ತಾರೀಖು. ವರ್ಷಕ್ಕೆ ಎಷ್ಟು ಸಲ ನೀರು ಬಂತೋ ಅಷ್ಟು ಸಲ ಹೀಗೆ ಬರೆದಿಟ್ಟರೆ, ಹತ್ತು ವರ್ಷದಲ್ಲಿ ಕಚೇರಿಯ ಮುಂದೆ ನಿಂತು ಮಾತಾಡುವವನ ಕೈಯಲ್ಲಿ ಒಂದು ಹಿಡಿತ ಇರುತ್ತದೆ. ಅರ್ಜಿಯಲ್ಲಿ "ಹಲವು ಸಲ ತೊಂದರೆಯಾಗಿದೆ" ಎಂದು ಬರೆಯುವುದೇ ಬೇರೆ, ಯಾವ ದಿನ ಎಷ್ಟು ತಾಸು ಎಂದು ತೋರಿಸುವುದೇ ಬೇರೆ.

ಗೊತ್ತಿಲ್ಲದ ಓದುಗನಿಗಾಗಿ ಬರೆಯುವ ರೂಢಿ ಈ ನೆಲಕ್ಕೆ ಹೊಸದೇನಲ್ಲ. ಇದೇ ತಾಲೂಕಿನ ಹತ್ತರಸಂಗ ಕೂಡಲದಲ್ಲಿ, ಭೀಮಾ-ಸೀನಾ ಕೂಡುವಲ್ಲಿ, ಸಂಗಮೇಶ್ವರನ ಗುಡಿಯಿದೆ. ಅಲ್ಲಿಯ ಹಳೆಯ ಮರಾಠಿ ಶಾಸನದ ಕಾಲ ಶಕ 940, ಅಂದರೆ ಕ್ರಿ.ಶ. 1018. ಓದಿದವನಿಗೆ ಗೆಲುವಾಗಲಿ ಎಂಬ ಅರ್ಥದ ಮಾತು ಅದರಲ್ಲಿದೆ. ಅಳಿಸಿದವನಿಗೆ ಶಾಪ ಹಾಕುವ ಶಾಸನಗಳು ಬೇಕಾದಷ್ಟಿವೆ. ಓದುವವನನ್ನು ಹರಸುವುದು ಅಪರೂಪ. ಕೆತ್ತಿಸಿದವನು ತಾರೀಖು ಹಾಕಿದ್ದಾನೆ ನೋಡಿ, ಅದಕ್ಕೇ ಸಾವಿರ ವರ್ಷದ ಮೇಲೆ ವಿದ್ವಾಂಸರು ಅದನ್ನು ತಲೆಯ ಮೇಲೆ ಹೊತ್ತು ತಿರುಗುತ್ತಿದ್ದಾರೆ.

ಬ್ಲಾಗಿನ ಕೆಡುಕನ್ನೂ ಹೇಳಬೇಕು. ಸಂಪಾದಕನಿಲ್ಲ. ಬೇಡವೆನ್ನುವವರಿಲ್ಲ ಎಂದು ಖುಷಿಪಡುತ್ತೇವೆ, ತಪ್ಪು ತಿದ್ದುವವರೂ ಇಲ್ಲ ಎಂಬುದನ್ನು ಮರೆಯುತ್ತೇವೆ. ಪಂಚಾಯಿತಿ ಚುನಾವಣೆಯ ಸಿಟ್ಟನ್ನು ಅಲ್ಲಿ ಕಾರಿಕೊಂಡರೆ ಊರ ಬ್ಲಾಗು ಊರೊಡೆಯುವ ಬ್ಲಾಗಾಗುತ್ತದೆ. ಒಬ್ಬರು ಬರೆದದ್ದನ್ನು ಇನ್ನೊಬ್ಬರು ಓದಿದ ಮೇಲೆಯೇ ಹಾಕುವುದು ಲೇಸು. ಶಾಲೆಯ ಗುರುಗಳೊಬ್ಬರು ಆ ಕೆಲಸಕ್ಕೆ ಒಪ್ಪಿದರೆ ಮಕ್ಕಳ ಬರವಣಿಗೆಯನ್ನೂ ತಿದ್ದಿದಂತಾಗುತ್ತದೆ. ತಪ್ಪಾದರೆ ಸದ್ದಿಲ್ಲದೆ ಅಳಿಸದೆ, ಇಂಥ ದಿನ ತಿದ್ದಿದ್ದೇವೆ ಎಂದು ಅಲ್ಲೇ ಕೆಳಗೆ ಬರೆಯಬೇಕು.

ಎರಡನೆಯದು, ಜಾಗ ನಮ್ಮದಲ್ಲ. ಯಾಹೂ ಜಿಯೋಸಿಟೀಸ್ 2009ರಲ್ಲಿ ಮುಚ್ಚಿತು, ಆರ್ಕುಟ್ 2014ರಲ್ಲಿ, ಗೂಗಲ್ ಪ್ಲಸ್ 2019ರಲ್ಲಿ. ಅಲ್ಲಿ ಬರೆದವರ ಎಷ್ಟೋ ಬರಹ ಅವುಗಳೊಂದಿಗೇ ಹೋಯಿತು. ಬ್ಲಾಗರಿನಲ್ಲಿ ಪೂರ್ತಿ ಬ್ಲಾಗಿನ ಪ್ರತಿ ಇಳಿಸಿಕೊಳ್ಳುವ ಸೌಲಭ್ಯವಿದೆ. ದೀಪಾವಳಿಗೊಮ್ಮೆ, ಯುಗಾದಿಗೊಮ್ಮೆ ಇಳಿಸಿ ಪೆನ್‌ಡ್ರೈವಿನಲ್ಲಿಡಿ. ವರ್ಷದ ಬರಹವನ್ನು ಪ್ರಿಂಟು ತೆಗೆದು ಶಾಲೆಯ ಕಪಾಟಿನಲ್ಲೂ ಒಂದು ಪ್ರತಿ ಇಡಿ. ಬ್ಲಾಗಿನ ಪಾಸ್‌ವರ್ಡು ಒಬ್ಬನೇ ಹುಡುಗನ ಹತ್ತಿರ ಬೇಡ, ಅವನಿಗೆ ನೌಕರಿ ಸಿಕ್ಕ ದಿನ ಬ್ಲಾಗು ನಿಲ್ಲುತ್ತದೆ.

ಫೋನಿನಲ್ಲಿ ಕನ್ನಡ ಕೀಲಿಮಣೆ ಹಾಕಿಕೊಳ್ಳುವುದು ಗೊತ್ತಿಲ್ಲದವರು ಕಾರ್ಯಕ್ರಮ ಮುಗಿದ ಮೇಲೆ ಇಲ್ಲೇ ಕೂತಿರಿ, ತೋರಿಸಿಕೊಡುತ್ತೇನೆ. ಮೊದಲ ಬರಹ ಯಾರದೆಂದು ನೀವೇ ಮಾತಾಡಿಕೊಳ್ಳಿ. ಈಗ ಪ್ರಶ್ನೆ ಇದ್ದವರು ಕೇಳಬಹುದು.